ಬ್ರೌಸರ್ ಅಪ್‌ಡೇಟ್ ಆದ ಮೇಲೆ ಇಷ್ಟ ಆಗ್ತಿಲ್ವಾ? ಹಳೇ ವರ್ಷನ್ ಹಾಕಿಕೊಳ್ಳುವ ಮುಂಚೆ ಇದನ್ನು ಮಾಡಿ ನೋಡಿ

ದಾವಣಗೆರೆಯ ನೆಟ್ ಸೆಂಟರುಗಳಲ್ಲಿ, ಮಂಡಿಪೇಟೆ ಅಂಗಡಿಗಳ ಬಿಲ್ಲಿಂಗ್ ಕಂಪ್ಯೂಟರ್ ಮುಂದೆ, ಕಾಲೇಜು ಹುಡುಗರ ರೂಮುಗಳಲ್ಲಿ ನನಗೆ ಜಾಸ್ತಿ ಕೇಳಿಸುವ ದೂರು ಒಂದೇ. "ಅಪ್‌ಡೇಟ್ ಆದ ಮೇಲೆ ಬ್ರೌಸರ್ ಕೆಟ್ಟೋಯ್ತು ಅಣ್ಣಾ, ಹಳೇದನ್ನೇ ಹಾಕಿಕೊಡಿ." ಕಷ್ಟ ನಿಜವೇ, ಅದರಲ್ಲಿ ಎರಡು ಮಾತಿಲ್ಲ. ದಿನಾ ಕೈಗೆ ಸಿಗುತ್ತಿದ್ದ ಬಟನ್ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಕಾಣದೇ ಹೋದರೆ, ಅದೂ ಎದುರಿಗೆ ಜನ ಸಾಲು ನಿಂತಿರುವಾಗ, ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ಈ ಒಂದು ದೂರಿನೊಳಗೆ ಬೇರೆ ಬೇರೆ ವಿಷಯ ಕಲೆತಿರುತ್ತವೆ. ನೋಟ ಬದಲಾಗಿರಬಹುದು. ನಿಜಕ್ಕೂ ನಿಧಾನ ಆಗಿರಬಹುದು. ಅಥವಾ ಬ್ರೌಸರಿಗೆ ಸಂಬಂಧವೇ ಇಲ್ಲದ ಇನ್ನೇನೋ ಅದೇ ವಾರ ಕೈಕೊಟ್ಟಿರಬಹುದು. ಮೂರಕ್ಕೂ ಮದ್ದು ಬೇರೆ ಬೇರೆ. ಬಿಡಿಸಿ ನೋಡದೆ ಹಳೇ ವರ್ಷನ್ ಹಾಕಿಕೊಂಡರೆ ಎಷ್ಟೋ ಸಲ ತೊಂದರೆ ಹಾಗೇ ಉಳಿಯುತ್ತದೆ, ಅದರ ಮೇಲೆ ಸೆಕ್ಯುರಿಟಿ ತಲೆನೋವು ಬೇರೆ ಸೇರಿಕೊಳ್ಳುತ್ತದೆ.

ಇದು ಒಂದು ಸಲ ಬಂದು ಹೋಗುವ ಸಮಸ್ಯೆಯೂ ಅಲ್ಲ. ಫೈರ್‌ಫಾಕ್ಸ್ 2020ರಲ್ಲಿ, ಕ್ರೋಮ್ 2021ರ ಸೆಪ್ಟೆಂಬರಿನ 94ನೇ ವರ್ಷನ್‌ನಿಂದ, ನಾಲ್ಕು ವಾರಕ್ಕೊಂದು ಹೊಸ ವರ್ಷನ್ ಬಿಡುವ ಪದ್ಧತಿ ಶುರು ಮಾಡಿದವು. ಬಹಳಷ್ಟು ಸಲ ಬದಲಾಗಿದ್ದು ನಮಗೆ ಗೊತ್ತೇ ಆಗಲ್ಲ. ಕೆಲವು ವರ್ಷಕ್ಕೊಮ್ಮೆ ಮಾತ್ರ ಇಡೀ ಮುಖವೇ ಬದಲಾಗುತ್ತದೆ. 2014ರಲ್ಲಿ ಫೈರ್‌ಫಾಕ್ಸ್ 29, 2018ರಲ್ಲಿ ಕ್ರೋಮ್ 69, 2021ರಲ್ಲಿ ಫೈರ್‌ಫಾಕ್ಸ್ 89, 2023ರಲ್ಲಿ ಕ್ರೋಮ್‌ನ 15ನೇ ವರ್ಷದ ಹೊಸ ವಿನ್ಯಾಸ. ಪ್ರತಿ ಸಲವೂ ಜನ ಬೈದಿದ್ದಾರೆ, ಪ್ರತಿ ಸಲವೂ ಅದರಲ್ಲಿ ಒಂದಿಷ್ಟು ನ್ಯಾಯವಾದ ಮಾತಿತ್ತು. ಮುಂದಿನ ಸಲವೂ ಹೀಗೇ ಆಗುತ್ತದೆ. ಹಾಗಾಗಿ ಮಾಡುವ ವಿಧಾನ ಒಂದು ಗೊತ್ತಿದ್ದರೆ ಒಳ್ಳೇದು ಅಲ್ವಾ.

ಮೊದಲು ವರ್ಷನ್ ನಂಬರ್ ಬರೆದಿಟ್ಟುಕೊಳ್ಳಿ

ಕ್ರೋಮ್‌ನಲ್ಲಿ ಬಲಗಡೆ ಮೂಲೆಯ ಮೂರು ಚುಕ್ಕಿ ಒತ್ತಿ, ಹೆಲ್ಪ್, ಅಲ್ಲಿಂದ ಅಬೌಟ್ ಕ್ರೋಮ್. ಫೈರ್‌ಫಾಕ್ಸ್‌ನಲ್ಲಿ ಮೂರು ಗೆರೆ ಒತ್ತಿ, ಹೆಲ್ಪ್, ಅಬೌಟ್ ಫೈರ್‌ಫಾಕ್ಸ್. ಅಲ್ಲಿ ಕಾಣುವ ನಂಬರನ್ನು ಪೂರ್ತಿ ಬರೆದುಕೊಳ್ಳಿ, ಇಲ್ಲ ಮೊಬೈಲಲ್ಲಿ ಒಂದು ಫೋಟೋ ಹೊಡೆದಿಡಿ. ತೊಂದರೆ ಯಾವತ್ತಿನಿಂದ ಶುರುವಾಯ್ತು ಅನ್ನುವುದನ್ನೂ ಬರೆಯಿರಿ. ಅದೇ ದಿನ ವಿಂಡೋಸ್ ಅಪ್‌ಡೇಟ್ ಆಗಿತ್ತಾ? ಹೊಸ ಪ್ರಿಂಟರ್ ಹಾಕಿದ್ರಾ? ಆಂಟಿವೈರಸ್ ಬದಲಾಯಿಸಿದ್ರಾ? ಬ್ರೌಸರ್ ಕಣ್ಣಿಗೆ ಕಾಣುವ ವಸ್ತು, ಹಾಗಾಗಿ ಬೈಗುಳ ಎಲ್ಲ ಅದಕ್ಕೇ ಬೀಳುತ್ತದೆ. ಹಿಂದೆ ಸುಮ್ನೆ ಓಡುವ ಉಳಿದವು ಯಾರ ನೆನಪಿಗೂ ಬರಲ್ಲ.

ಇಲ್ಲೇ ಇನ್ನೊಂದು ಮಾತು. ಅಪ್‌ಡೇಟ್ ಮಾಡುವುದಿದ್ದರೆ ಇದೇ ಅಬೌಟ್ ಪುಟದಿಂದ ಮಾಡಿ. ಯಾವುದೋ ಸೈಟ್ ನೋಡುವಾಗ ಪುಟದೊಳಗೇ "ನಿಮ್ಮ ಬ್ರೌಸರ್ ಹಳೆಯದಾಗಿದೆ, ಇಲ್ಲಿ ಒತ್ತಿ" ಅಂತ ಫೈಲ್ ಇಳಿಸಿಕೊಳ್ಳಲು ಹೇಳಿದರೆ ಒತ್ತಲೇಬೇಡಿ. ಆ ದಾರಿಯಲ್ಲಿ ವೈರಸ್ ಹಂಚುವವರು ಬೇಕಾದಷ್ಟು ಜನ ಇದ್ದಾರೆ.

ಜಾಗ ಬದಲಾದ ಬಟನ್‌ಗಳು

ನೋಟದ ದೂರುಗಳಲ್ಲಿ ಹೆಚ್ಚಿನವು ಜಾಗದ ದೂರುಗಳೇ. ಬಣ್ಣ, ದುಂಡಗಿನ ಮೂಲೆ ಇವಕ್ಕೆ ಜನ ವಾರದಲ್ಲಿ ಒಗ್ಗಿಕೊಳ್ಳುತ್ತಾರೆ. ಕೈ ಹೋಗುವ ಜಾಗ ತಪ್ಪಿದರೆ ಮಾತ್ರ ತಿಂಗಳಾದರೂ ಕಿರಿಕಿರಿ ಹೋಗಲ್ಲ.

ಡೌನ್‌ಲೋಡ್ ಪಟ್ಟಿಯನ್ನೇ ನೋಡಿ. ಕ್ರೋಮ್‌ನಲ್ಲಿ ವರ್ಷಗಟ್ಟಲೆ, ಇಳಿಸಿದ ಫೈಲ್ ಕಿಟಕಿಯ ಕೆಳಗಡೆ ಒಂದು ಪಟ್ಟಿಯಲ್ಲಿ ಕಾಣುತ್ತಿತ್ತು. 2023ರಲ್ಲಿ ಅದನ್ನು ತೆಗೆದು ಮೇಲೆ ಬಲಗಡೆ, ವಿಳಾಸ ಬರೆಯುವ ಜಾಗದ ಪಕ್ಕಕ್ಕೆ ಸಾಗಿಸಿದರು. ಜಗಳೂರು ಕಡೆಯಿಂದ ಪಹಣಿ ತೆಗೆಸಲು ಬಂದ ಅಜ್ಜ ಕೌಂಟರಿಗೆ ಒರಗಿಕೊಂಡು ನಿಂತಿದ್ದಾನೆ. ಹುಡುಗ ಡೌನ್‌ಲೋಡ್ ಒತ್ತುತ್ತಾನೆ, ಕಣ್ಣು ಕೆಳಗೆ ಹೋಗುತ್ತದೆ, ಅಲ್ಲಿ ಏನೂ ಇಲ್ಲ. ಮತ್ತೆ ಒತ್ತುತ್ತಾನೆ. ಇಲ್ಲ. "ಏನಪ್ಪಾ ತಮ್ಮಾ, ಪಾಣಿ ಬರ್ತಾನೇ ಇಲ್ವಲ್ಲ" ಅಂತ ಅಜ್ಜ. "ಸರ್ವರ್ ಡೌನ್ ಇದೆ ಅಜ್ಜಾ, ಸಂಜೆ ಬಾ" ಅಂತ ಹುಡುಗ. ಡೌನ್‌ಲೋಡ್ಸ್ ಫೋಲ್ಡರ್ ತೆಗೆದು ನೋಡಿದರೆ ಅದೇ ಫೈಲು ಒಂದು, ಎರಡು, ಮೂರು ಅಂತ ಬಾಲ ಅಂಟಿಸಿಕೊಂಡು ಸಾಲಾಗಿ ಕೂತಿದೆ. ಸರ್ವರ್ ಸರಿಯಾಗಿಯೇ ಇತ್ತು, ಫೈಲೂ ಬಂದಿತ್ತು. ಒಂದು ಪಟ್ಟಿ ಕೆಳಗಿಂದ ಮೇಲೆ ಹೋಗಿದ್ದಕ್ಕೆ ಆ ಅಜ್ಜ ಸಂಜೆತನಕ ಊರಲ್ಲಿ ಸುತ್ತಬೇಕಾಯ್ತು. ನೋಟದ ಬದಲಾವಣೆಯನ್ನು ಚಿಕ್ಕ ವಿಷಯ ಅಂತ ತಳ್ಳಿಹಾಕುವವರಿಗೆ ಇದೇ ನನ್ನ ಉತ್ತರ.

ಇದಕ್ಕೆ ಪರಿಹಾರ ಸುಲಭ. ಕಂಟ್ರೋಲ್ ಹಿಡಿದು ಜೆ ಒತ್ತಿದರೆ ಡೌನ್‌ಲೋಡ್ ಪಟ್ಟಿ ತೆರೆಯುತ್ತದೆ. ವಿಂಡೋಸ್‌ನಲ್ಲಿ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಇದೇ ಕೀಲಿ. ಪಟ್ಟಿ ಎಲ್ಲಿಗೇ ಹೋದರೂ ಕೀಲಿ ಬದಲಾಗಿಲ್ಲ. ಇನ್ನೂ ಒಳ್ಳೇದು ಅಂದರೆ ಸೆಟ್ಟಿಂಗ್ಸ್‌ನ ಡೌನ್‌ಲೋಡ್ಸ್ ವಿಭಾಗಕ್ಕೆ ಹೋಗಿ, ಪ್ರತಿ ಫೈಲನ್ನು ಎಲ್ಲಿ ಇಡಬೇಕು ಅಂತ ಕೇಳುವ ಆಯ್ಕೆ ಆನ್ ಮಾಡುವುದು. ಆಗ ಹೆಸರು ಕೊಟ್ಟು ಉಳಿಸಬಹುದು, ಹೊಲದ ಸರ್ವೆ ನಂಬರನ್ನೇ ಫೈಲಿನ ಹೆಸರಾಗಿ ಇಟ್ಟರೆ ಆಮೇಲೆ ಹುಡುಕುವ ಕೆಲಸವೂ ಇಲ್ಲ. ಫೈರ್‌ಫಾಕ್ಸ್ ಬಳಸುವವರಿಗೂ ಇದು ಬೇಕು, ಯಾಕೆಂದರೆ 2022ರ ಮಾರ್ಚಿನಲ್ಲಿ ಬಂದ 98ನೇ ವರ್ಷನ್‌ನಿಂದ ಅದು "ತೆರೆಯಲೋ, ಉಳಿಸಲೋ" ಅಂತ ಕೇಳುವುದನ್ನು ಬಿಟ್ಟು ನೇರವಾಗಿ ಇಳಿಸಿಕೊಳ್ಳುತ್ತದೆ.

ಪ್ರಿಂಟ್ ವಿಷಯವೂ ಹೀಗೇ. ಕಂಟ್ರೋಲ್ ಪಿ ಒತ್ತಿದರೆ ಬರುವುದು ಬ್ರೌಸರ್‌ನದೇ ಪ್ರಿಂಟ್ ಪುಟ. ಲೀಗಲ್ ಸೈಜ್, ಟ್ರೇ, ಎರಡೂ ಕಡೆ ಪ್ರಿಂಟ್ ಇವೆಲ್ಲ ಅಲ್ಲಿ ಒಳಗೆಲ್ಲೋ ಅಡಗಿರುತ್ತವೆ. ಜೆರಾಕ್ಸ್ ಅಂಗಡಿಯವರು ಕ್ರೋಮ್, ಎಡ್ಜ್‌ಗಳಲ್ಲಿ ಕಂಟ್ರೋಲ್, ಶಿಫ್ಟ್, ಪಿ ಒತ್ತಿ ನೋಡಿ. ವಿಂಡೋಸ್‌ನ ಹಳೇ ಪ್ರಿಂಟ್ ಡಬ್ಬಿ ನೇರವಾಗಿ ತೆರೆಯುತ್ತದೆ. ಫೈರ್‌ಫಾಕ್ಸ್‌ನಲ್ಲಿ ಪ್ರಿಂಟ್ ಪುಟದ ಕೆಳಗಡೆ ಸಿಸ್ಟಮ್ ಡೈಲಾಗ್ ಬಳಸುವ ಕೊಂಡಿ ಇದೆ.

ಮೇಲಿನ ಪಟ್ಟಿ ದಪ್ಪ ಆಯ್ತು, ಪೇಜಿಗೆ ಜಾಗವೇ ಉಳಿದಿಲ್ಲ ಅನ್ನುವ ದೂರು ಚಿಕ್ಕ ಪರದೆಯ ಲ್ಯಾಪ್‌ಟಾಪ್ ಇರುವವರದ್ದು. 768 ಗೆರೆ ಎತ್ತರದ ಪರದೆಯಲ್ಲಿ ಒಂದು ಬೆರಳಿನಷ್ಟು ಜಾಗ ಹೋದರೂ ಎದ್ದು ಕಾಣುತ್ತದೆ, ಅವರು ಹೇಳುವುದು ಸರಿಯೇ. ಕಂಟ್ರೋಲ್, ಶಿಫ್ಟ್, ಬಿ ಒತ್ತಿ ಬುಕ್‌ಮಾರ್ಕ್ ಪಟ್ಟಿ ಮುಚ್ಚಿ. ಓದುವಾಗ ಎಫ್ 11 ಒತ್ತಿ ಪೂರ್ತಿ ಪರದೆ ಮಾಡಿಕೊಳ್ಳಿ. ಫೈರ್‌ಫಾಕ್ಸ್‌ನಲ್ಲಿ ಇನ್ನೊಂದು ದಾರಿ ಇದೆ. ವಿಳಾಸದ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಅಬೌಟ್, ಕೋಲನ್, ಕಾನ್ಫಿಗ್ ಅಂತ ಬರೆದು ಎಂಟರ್ ಒತ್ತಿ, ಎಚ್ಚರಿಕೆ ದಾಟಿ ಮುಂದೆ ಹೋಗಿ, ಹುಡುಕುವ ಜಾಗದಲ್ಲಿ ಕಾಂಪ್ಯಾಕ್ಟ್‌ಮೋಡ್ ಅಂತ ಒಂದೇ ಪದವಾಗಿ ಬರೆದರೆ ಒಂದು ಸಾಲು ಸಿಗುತ್ತದೆ, ಅದನ್ನು ಟ್ರೂ ಮಾಡಿ. ಆಮೇಲೆ ಟೂಲ್‌ಬಾರ್ ಮೇಲೆ ಬಲ ಕ್ಲಿಕ್ ಮಾಡಿ ಕಸ್ಟಮೈಸ್‌ಗೆ ಹೋದರೆ ಡೆನ್ಸಿಟಿ ಅನ್ನುವಲ್ಲಿ ಕಾಂಪ್ಯಾಕ್ಟ್ ಆಯ್ಕೆ ಬಂದಿರುತ್ತದೆ. ಇದೇ ಕಸ್ಟಮೈಸ್ ಪುಟದಲ್ಲಿ ಬೇಕಾದ ಬಟನ್‌ಗಳನ್ನು ಎಳೆದು ಎಲ್ಲಿ ಬೇಕೋ ಅಲ್ಲಿ ಇಡಬಹುದು. ಒಂದು ಸಲ ಕೂತು ಜೋಡಿಸಿಕೊಳ್ಳಿ, ಅದರ ಪ್ರಯೋಜನ ದಿನಾ ಸಿಗುತ್ತದೆ.

ಹಳೇ ನೋಟ ವಾಪಸ್ ತರುವ ಫ್ಲ್ಯಾಗ್ ಅಂತ ವಿಡಿಯೋಗಳಲ್ಲಿ ತೋರಿಸುತ್ತಾರಲ್ಲ, ಅದನ್ನು ನಂಬಿಕೊಂಡು ಕೂರಬೇಡಿ. ಫ್ಲ್ಯಾಗ್‌ಗಳು ಪ್ರಯೋಗಕ್ಕೆ ಇಟ್ಟ ಸ್ವಿಚ್‌ಗಳು. 2023ರ ವಿನ್ಯಾಸ ಬಂದಾಗ ಕ್ರೋಮ್‌ನಲ್ಲಿ ಅದನ್ನು ಆಫ್ ಮಾಡುವ ಫ್ಲ್ಯಾಗ್ ಇತ್ತು, 2024ರಲ್ಲಿ ಅದನ್ನು ತೆಗೆದುಹಾಕಿದರು. ಅಷ್ಟು ದಿನ ಮುಂದೂಡಿದವರು ಆಮೇಲೆ ಮೊದಲಿಂದ ಒಗ್ಗಿಕೊಳ್ಳಬೇಕಾಯ್ತು.

ಕೆಲವು ಬದಲಾವಣೆ ಮೊದಲು ಸಿಟ್ಟು ತರಿಸಿದರೂ ನಮ್ಮ ಒಳ್ಳೇದಕ್ಕೇ ಆಗಿರುತ್ತವೆ, ಅದನ್ನೂ ಹೇಳಬೇಕು. ಮುಂಚೆ ಬ್ಯಾಕ್‌ಸ್ಪೇಸ್ ಒತ್ತಿದರೆ ಹಿಂದಿನ ಪೇಜಿಗೆ ಹೋಗುತ್ತಿತ್ತು. 2016ರಲ್ಲಿ ಕ್ರೋಮ್ 52 ಅದನ್ನು ತೆಗೆಯಿತು, 2021ರಲ್ಲಿ ಫೈರ್‌ಫಾಕ್ಸ್ 87 ಕೂಡ ತೆಗೆಯಿತು. ಆಗ ಬೇಜಾರು ಮಾಡಿಕೊಂಡವರು ಬಹಳ. ಆದರೆ ಸ್ಕಾಲರ್‌ಶಿಪ್ ಅರ್ಜಿ ಮುಕ್ಕಾಲು ತುಂಬಿದ ಮೇಲೆ ಒಂದು ಅಕ್ಷರ ಅಳಿಸಲು ಹೋಗಿ ಇಡೀ ಅರ್ಜಿ ಕಳೆದುಕೊಂಡವರನ್ನು ಕೇಳಿ ನೋಡಿ. ಹಿಂದೆ ಹೋಗಲು ಆಲ್ಟ್ ಜೊತೆ ಎಡ ಬಾಣ ಇದೆ, ಸಾಕು.

ನಿಜವಾಗಿ ನಿಧಾನ ಆಗಿದೆಯಾ, ಹೇಗೆ ತಿಳಿಯುವುದು

ಅಪ್‌ಡೇಟ್ ಆದ ಮೊದಲ ದಿನ ತೀರ್ಪು ಕೊಡಬೇಡಿ. ಪೇಜುಗಳ ಕೋಡನ್ನು ಬ್ರೌಸರ್ ಒಂದು ಸಲ ತಯಾರು ಮಾಡಿ ಕ್ಯಾಶ್‌ನಲ್ಲಿ, ಅಂದರೆ ತನ್ನ ತಾತ್ಕಾಲಿಕ ಸಂಗ್ರಹದಲ್ಲಿ, ಇಟ್ಟುಕೊಂಡಿರುತ್ತದೆ. ವರ್ಷನ್ ಬದಲಾದರೆ ಹಳೇದು ಹೊಂದಲ್ಲ, ಮತ್ತೆ ತಯಾರಾಗಬೇಕು. ಆಂಟಿವೈರಸ್ ಹೊಸ ಫೈಲುಗಳನ್ನೆಲ್ಲ ಜಾಲಾಡುತ್ತದೆ. ಹಾರ್ಡ್ ಡಿಸ್ಕ್ ಇರುವ ಹಳೇ ಕಂಪ್ಯೂಟರಿನಲ್ಲಿ ಇದು ಚೆನ್ನಾಗಿಯೇ ಗೊತ್ತಾಗುತ್ತದೆ. ಒಂದೆರಡು ದಿನ ಬಳಸಿ, ಒಮ್ಮೆ ಪೂರ್ತಿ ಆಫ್ ಮಾಡಿ ಆನ್ ಮಾಡಿ, ಆಮೇಲೆ ನೋಡಿ.

ಆಮೇಲೂ ನಿಧಾನ ಅನ್ನಿಸಿದರೆ ಮೊದಲ ಪ್ರಶ್ನೆ: ಎಲ್ಲಾ ಪೇಜೂ ನಿಧಾನವಾ, ಒಂದೇ ಸೈಟ್ ನಿಧಾನವಾ? ಅದೇ ಪೇಜನ್ನು ಅದೇ ಹೊತ್ತಿಗೆ ಇನ್ನೊಂದು ಬ್ರೌಸರಿನಲ್ಲಿ ತೆರೆಯಿರಿ. ಅಲ್ಲೂ ತಿರುಗುತ್ತಾ ಕೂತರೆ ಅದು ಬ್ರೌಸರ್ ತಪ್ಪಲ್ಲ. ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಇನ್ನೊಮ್ಮೆ ನೋಡಿ. ಅದರಲ್ಲಿ ಬೇಗ ಬಂದರೆ ಅಂಗಡಿಯ ನೆಟ್ ಲೈನಿನದ್ದೇ ತೊಂದರೆ. ಅದರಲ್ಲೂ ಬರದಿದ್ದರೆ ಸೈಟ್‌ನದು. ಫಲಿತಾಂಶದ ದಿನ, ಅರ್ಜಿಯ ಕೊನೇ ದಿನ ಯಾವ ಬ್ರೌಸರ್ ಹಾಕಿದರೂ ಅಷ್ಟೇ.

ಎರಡನೇದು ಎಕ್ಸ್‌ಟೆನ್ಶನ್‌ಗಳು, ಅಂದರೆ ಬ್ರೌಸರಿಗೆ ನಾವೇ ಸೇರಿಸಿಕೊಳ್ಳುವ ಚಿಕ್ಕ ಪ್ರೋಗ್ರಾಮುಗಳು. ನನ್ನ ಅನುಭವದಲ್ಲಿ ಬ್ರೌಸರ್ ಮೇಲೆ ಬಿದ್ದ ಅಪವಾದ ಎಷ್ಟೋ ಸಲ ಇವುಗಳದ್ದು. ಪಿಡಿಎಫ್ ಬದಲಾಯಿಸುವುದು, ಕೂಪನ್ ಹುಡುಕುವುದು, ಸ್ಕ್ರೀನ್‌ಶಾಟ್ ತೆಗೆಯುವುದು ಅಂತ ಒಂದೊಂದಾಗಿ ಸೇರಿರುತ್ತವೆ, ಯಾವಾಗ ಹಾಕಿದ್ದು ಅಂತ ಯಾರಿಗೂ ನೆನಪಿಲ್ಲ. ಪರೀಕ್ಷೆ ಮಾಡಲು ಕ್ರೋಮ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿ ಗೆಸ್ಟ್ ಕಿಟಕಿ ತೆರೆಯಿರಿ, ಅದರಲ್ಲಿ ಎಕ್ಸ್‌ಟೆನ್ಶನ್ ಒಂದೂ ಇರುವುದಿಲ್ಲ. ಇನ್‌ಕಾಗ್ನಿಟೊ ಸಾಲದು, ಅದರೊಳಗೆ ಓಡಲು ಕೆಲವಕ್ಕೆ ಹಿಂದೆ ಅನುಮತಿ ಕೊಟ್ಟಿರಬಹುದು. ಫೈರ್‌ಫಾಕ್ಸ್‌ನಲ್ಲಿ ಹೆಲ್ಪ್ ಮೆನುವಿನ ಟ್ರಬಲ್‌ಶೂಟ್ ಮೋಡ್ ಇದೇ ಕೆಲಸ ಮಾಡುತ್ತದೆ. ಅಲ್ಲಿ ಚುರುಕಾಗಿ ಓಡಿದರೆ ಕಳ್ಳ ಸಿಕ್ಕ ಹಾಗೆಯೇ. ವಾಪಸ್ ಬಂದು ಎಲ್ಲ ಎಕ್ಸ್‌ಟೆನ್ಶನ್ ಆಫ್ ಮಾಡಿ, ಒಂದೊಂದನ್ನೇ ಆನ್ ಮಾಡುತ್ತಾ ನೋಡಿ.

ಮೂರನೇದು ಬ್ರೌಸರ್‌ನ ಒಳಗೇ ಇರುವ ಟಾಸ್ಕ್ ಮ್ಯಾನೇಜರ್. ಇದು ಇದೆ ಅಂತಲೇ ಬಹಳ ಜನಕ್ಕೆ ಗೊತ್ತಿಲ್ಲ, ನನಗೆ ಇದರ ಮೇಲೆ ತುಂಬಾ ಪ್ರೀತಿ. ಕ್ರೋಮ್‌ನಲ್ಲಿ ಶಿಫ್ಟ್ ಹಿಡಿದು ಎಸ್ಕೇಪ್ ಒತ್ತಿ. ಫೈರ್‌ಫಾಕ್ಸ್‌ನಲ್ಲಿ ಮೋರ್ ಟೂಲ್ಸ್ ಒಳಗೆ ಟಾಸ್ಕ್ ಮ್ಯಾನೇಜರ್ ಇದೆ. ಯಾವ ಟ್ಯಾಬ್ ಎಷ್ಟು ಮೆಮೊರಿ ತಿನ್ನುತ್ತಿದೆ, ಯಾವುದು ಪ್ರೊಸೆಸರನ್ನು ಹಿಂಡುತ್ತಿದೆ ಅಂತ ಸಾಲು ಸಾಲಾಗಿ ತೋರಿಸುತ್ತದೆ. ಸಿಪಿಯು ಅನ್ನುವ ಕಂಬದ ಮೇಲೆ ಒತ್ತಿದರೆ ಜಾಸ್ತಿ ಇರುವುದು ಮೇಲೆ ಬರುತ್ತದೆ. ಸುಮ್ನೆ ತೆರೆದಿಟ್ಟ ಒಂದು ನ್ಯೂಸ್ ಪೇಜಿನ ಜಾಹೀರಾತು ಇಡೀ ಕಂಪ್ಯೂಟರನ್ನು ಎಳೆಯುತ್ತಿರುವುದು ಕಣ್ಣಿಗೇ ಕಾಣುತ್ತದೆ.

ಮೆಮೊರಿ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ "ಹೊಸ ವರ್ಷನ್ ರ್‍ಯಾಮ್ ತಿನ್ನುತ್ತದೆ" ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಅದು ಪೂರ್ತಿ ಸುಳ್ಳಲ್ಲ. 2018ರಲ್ಲಿ ಸ್ಪೆಕ್ಟರ್ ಅನ್ನುವ ಪ್ರೊಸೆಸರ್ ದೋಷ ಬೆಳಕಿಗೆ ಬಂತು. ಒಂದು ಸೈಟ್ ಅದೇ ಪ್ರೊಸೆಸ್‌ನಲ್ಲಿರುವ, ಅಂದರೆ ಕಂಪ್ಯೂಟರಿನಲ್ಲಿ ಒಂದೇ ಕೆಲಸವಾಗಿ ಒಟ್ಟಿಗೆ ಓಡುತ್ತಿರುವ, ಇನ್ನೊಂದು ಸೈಟಿನ ಗುಟ್ಟು ಓದಿಬಿಡುವ ಅಪಾಯ ಅದು. ಅದಕ್ಕೆ ಕ್ರೋಮ್ 67ರಲ್ಲಿ ಒಂದೊಂದು ಸೈಟನ್ನೂ ಬೇರೆ ಬೇರೆ ಪ್ರೊಸೆಸ್‌ನಲ್ಲಿ ಇಡುವ ವ್ಯವಸ್ಥೆಯನ್ನು ಎಲ್ಲರಿಗೂ ಆನ್ ಮಾಡಿದರು. ಇದರಿಂದ ಮೆಮೊರಿ ಬಳಕೆ ಸುಮಾರು 10ರಿಂದ 13 ಶೇಕಡಾ ಹೆಚ್ಚುತ್ತದೆ ಅಂತ ಗೂಗಲ್ ತಾನೇ ಹೇಳಿತ್ತು. ಪಕ್ಕದ ಟ್ಯಾಬಿನಲ್ಲಿ ಬ್ಯಾಂಕ್ ತೆರೆದುಕೊಂಡು ಇನ್ನೊಂದರಲ್ಲಿ ಸಿಕ್ಕ ಸಿಕ್ಕ ಸೈಟ್ ನೋಡುವ ನಮಗೆ ಆ ಮೆಮೊರಿ ದಂಡ ಅಲ್ಲ. 4 ಜಿಬಿ ರ್‍ಯಾಮಿನ ಕಂಪ್ಯೂಟರಿಗೆ ಅದು ಭಾರ ಆಗುವುದೂ ನಿಜ. ಸೆಟ್ಟಿಂಗ್ಸ್‌ನಲ್ಲಿ ಪರ್ಫಾರ್ಮೆನ್ಸ್ ಒಳಗೆ ಮೆಮೊರಿ ಸೇವರ್ ಆನ್ ಮಾಡಿ, ಬಳಸದ ಟ್ಯಾಬುಗಳನ್ನು ಅದು ಮಲಗಿಸುತ್ತದೆ. ಎಡ್ಜ್‌ನಲ್ಲಿ ಇದಕ್ಕೆ ಸ್ಲೀಪಿಂಗ್ ಟ್ಯಾಬ್ಸ್ ಅನ್ನುತ್ತಾರೆ. ಅರ್ಜಿ ತುಂಬುವ ಸೈಟುಗಳನ್ನು ಮಾತ್ರ ಅಲ್ಲೇ ಕೆಳಗಿರುವ, ಯಾವಾಗಲೂ ಎಚ್ಚರವಾಗಿರಬೇಕಾದ ಸೈಟುಗಳ ಪಟ್ಟಿಗೆ ಸೇರಿಸಿ. ಸಾಧ್ಯವಾದರೆ ಇನ್ನೊಂದು 4 ಜಿಬಿ ರ್‍ಯಾಮ್ ಹಾಕಿಸಿ, ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿ. ಬ್ರೌಸರ್ ಬದಲಾಯಿಸುವುದಕ್ಕಿಂತ ಇದರ ಲಾಭ ದೊಡ್ಡದು.

ಸ್ಕ್ರೋಲ್ ಮಾಡುವಾಗ ಕಪ್ಪು ಚೌಕ, ಮಿಣುಕು, ವಿಡಿಯೋ ಹಸಿರಾಗುವುದು ಇದ್ದರೆ ಅದು ಬೇರೆಯೇ ಜಾತಿ. ಹೊಸ ವರ್ಷನ್‌ಗೂ ಹಳೇ ಗ್ರಾಫಿಕ್ಸ್ ಡ್ರೈವರಿಗೂ (ಪರದೆಯ ಚಿತ್ರ ಮೂಡಿಸುವ ಭಾಗವನ್ನು ನಡೆಸುವ ಸಾಫ್ಟ್‌ವೇರ್) ಹೊಂದದೇ ಇದ್ದಾಗ ಹೀಗಾಗುತ್ತದೆ. ಕ್ರೋಮ್ ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಗ್ರಾಫಿಕ್ಸ್ ಆಕ್ಸಲರೇಶನ್ ಆಫ್ ಮಾಡಿ, ಬ್ರೌಸರ್ ಮುಚ್ಚಿ ತೆರೆದು ನೋಡಿ. ಸರಿಹೋದರೆ ಡ್ರೈವರ್ ಅಪ್‌ಡೇಟ್ ಮಾಡಿ, ಆಮೇಲೆ ಮತ್ತೆ ಆನ್ ಮಾಡಿ. ಆಫ್ ಮಾಡಿಯೇ ಬಿಟ್ಟರೆ ವಿಡಿಯೋ ಕೆಲಸ ಎಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ.

ಇನ್ನು ನಮ್ಮೂರಿನದೇ ಒಂದು ಕಾರಣ. ಏಪ್ರಿಲ್ ಬಿಸಿಲಲ್ಲಿ ದಾವಣಗೆರೆ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಪ್ರೊಸೆಸರ್ ಕಾದರೆ ಅದು ಸುಟ್ಟುಹೋಗದಂತೆ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಮಂಡಕ್ಕಿ ಭಟ್ಟಿಗಳ ಪಕ್ಕದ ಒಂದು ಅಂಗಡಿಯ ಸಿಪಿಯು ಬಿಚ್ಚಿದಾಗ ಫ್ಯಾನಿನ ಎಲೆಗಳ ಮೇಲೆ ಕಪ್ಪು ಮಸಿ ಜಿಡ್ಡಿನ ಜೊತೆ ಸೇರಿ ಕಂಬಳಿಯ ಹಾಗೆ ಅಂಟಿತ್ತು, ಹೀಟ್‌ಸಿಂಕಿನ ಸಂದು ಒಂದೂ ಕಾಣುತ್ತಿರಲಿಲ್ಲ. ಅವರ ದೂರು ಇದ್ದದ್ದು ಬ್ರೌಸರ್ ಅಪ್‌ಡೇಟ್ ಮೇಲೆ. ಬ್ರಶ್ ಹಾಕಿ, ಗಾಳಿ ಹೊಡೆದು, ಥರ್ಮಲ್ ಪೇಸ್ಟ್ ಬದಲಾಯಿಸಿದ ಮೇಲೆ ಅದೇ ವರ್ಷನ್ ಸರಾಗವಾಗಿ ಓಡಿತು. ಬೇಸಿಗೆಯಲ್ಲಿ ನಿಧಾನ ಆಯ್ತು ಅಂದರೆ, ಬೆಳಿಗ್ಗೆ ಅಂಗಡಿ ತೆರೆದ ತಕ್ಷಣ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಅದೇ ಕೆಲಸ ಮಾಡಿ ನೋಡಿ. ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಎಳೆದರೆ ಮೊದಲು ಫ್ಯಾನ್ ನೋಡಿ.

ಅಂಕಿ ಬೇಕು ಅನ್ನುವವರಿಗೆ ಸ್ಪೀಡೋಮೀಟರ್ 3 ಅನ್ನುವ ಪರೀಕ್ಷೆ ಇದೆ. ಆಪಲ್, ಗೂಗಲ್, ಮೈಕ್ರೋಸಾಫ್ಟ್, ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಸೇರಿ ಮಾಡಿದ್ದು, 2024ರ ಮಾರ್ಚಿನಲ್ಲಿ ಬಂತು. ಬೇರೆಲ್ಲ ಮುಚ್ಚಿ, ಮೂರು ಸಲ ಓಡಿಸಿ, ನಡುವಿನ ಅಂಕಿ ಬರೆದಿಟ್ಟುಕೊಳ್ಳಿ. ಮುಂದಿನ ಅಪ್‌ಡೇಟ್ ಆದಾಗ ಮತ್ತೆ ಓಡಿಸಿದರೆ ಹೋಲಿಸಲು ನಿಮ್ಮದೇ ಕಂಪ್ಯೂಟರಿನ ಲೆಕ್ಕ ಕೈಯಲ್ಲಿರುತ್ತದೆ.

ಎಕ್ಸ್‌ಟೆನ್ಶನ್ ಕೆಲಸ ನಿಲ್ಲಿಸಿದರೆ

ಇದಕ್ಕೆ ಜಾಸ್ತಿ ಮಾಡಲು ಬರಲ್ಲ. 2017ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 57 ಬಂದಾಗ ಹಳೇ ಬಗೆಯ ಆಡ್-ಆನ್‌ಗಳೆಲ್ಲ ಒಟ್ಟಿಗೆ ನಿಂತವು. ಕ್ರೋಮ್‌ನಲ್ಲಿ ಮ್ಯಾನಿಫೆಸ್ಟ್ ವಿ3 ಅನ್ನುವ ಹೊಸ ನಿಯಮದಿಂದ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ನಿಂತಿತು, ಅದರ ಲೈಟ್ ರೂಪ ಮಾತ್ರ ಉಳಿಯಿತು. ಪೂರ್ತಿ ಯುಬ್ಲಾಕ್ ಬೇಕೇ ಬೇಕು ಅಂದರೆ ಫೈರ್‌ಫಾಕ್ಸ್‌ಗೆ ಬನ್ನಿ. ಅದೇ ಹೆಸರಿನ ನಕಲಿ ಎಕ್ಸ್‌ಟೆನ್ಶನ್ ಹುಡುಕಿ ಹಾಕಿಕೊಳ್ಳಬೇಡಿ.

ಹಳೇ ವರ್ಷನ್‌ಗೆ ಯಾಕೆ ಹೋಗಬಾರದು, ಹೋಗದೆ ಏನು ಮಾಡಬಹುದು

ಪ್ರತಿ ಹೊಸ ವರ್ಷನ್ ಜೊತೆ ಹಿಂದಿನದರಲ್ಲಿ ಯಾವ ಯಾವ ತೂತು ಮುಚ್ಚಿದೆವು ಅನ್ನುವ ಪಟ್ಟಿಯೂ ಬಹಿರಂಗ ಆಗುತ್ತದೆ. ಅಂದರೆ ಹಳೇದರಲ್ಲಿ ಕೂತವರ ಮನೆಗೆ ಎಲ್ಲಿಂದ ನುಗ್ಗಬಹುದು ಅನ್ನುವುದು ಎಲ್ಲರಿಗೂ ಗೊತ್ತಾಗಿರುತ್ತದೆ. ಯುಪಿಐ, ಬ್ಯಾಂಕ್, ಜಿಎಸ್‌ಟಿ ಎಲ್ಲ ಅದೇ ಕಂಪ್ಯೂಟರಿನಲ್ಲಿ ಮಾಡುವ ಅಂಗಡಿಗೆ ಇದು ಸಣ್ಣ ವಿಷಯ ಅಲ್ಲ. ಇನ್ನೊಂದು, ಹೊಸ ವರ್ಷನ್ ಬಳಸಿದ ಪ್ರೊಫೈಲನ್ನು ಹಳೇ ಫೈರ್‌ಫಾಕ್ಸ್ ತೆರೆಯಲು ಒಪ್ಪಲ್ಲ, ಹೊಸ ಪ್ರೊಫೈಲ್ ಮಾಡು ಅನ್ನುತ್ತದೆ. ಬುಕ್‌ಮಾರ್ಕ್, ಪಾಸ್‌ವರ್ಡ್ ಕಾಣುತ್ತಿಲ್ಲ ಅಂತ ಆಮೇಲೆ ಗಾಬರಿ ಆಗುವುದು ಇಲ್ಲೇ.

ನೋಟ ಪದೇ ಪದೇ ಬದಲಾಗುವುದೇ ಬೇಡ ಅನ್ನುವ ಅಂಗಡಿ, ಶಾಲೆ, ಸೊಸೈಟಿಗಳಿಗೆ ನಾನು ಹೇಳುವುದು ಫೈರ್‌ಫಾಕ್ಸ್ ಇಎಸ್‌ಆರ್, ಅಂದರೆ ಒಂದೇ ವರ್ಷನ್‌ಗೆ ಹೆಚ್ಚು ಕಾಲ ಬೆಂಬಲ ಸಿಗುವ ಫೈರ್‌ಫಾಕ್ಸ್. ಮೊಜಿಲ್ಲಾದ ಸೈಟಿನಲ್ಲೇ ಸಿಗುತ್ತದೆ. ಸೆಕ್ಯುರಿಟಿ ಅಪ್‌ಡೇಟ್ ಮಾಮೂಲಿನಂತೆ ಬರುತ್ತದೆ, ಮುಖ ಬದಲಾಗುವುದು ಸುಮಾರು ವರ್ಷಕ್ಕೊಮ್ಮೆ ಮಾತ್ರ. 115 ಬಂದದ್ದು 2023ರಲ್ಲಿ, 128 ಬಂದದ್ದು 2024ರಲ್ಲಿ, 140 ಬಂದದ್ದು 2025ರಲ್ಲಿ. ವಿಂಡೋಸ್ 7 ಇಟ್ಟುಕೊಂಡವರಿಗೂ ಒಂದು ಮಾತು. ಅದರಲ್ಲಿ ಓಡುವ ಕೊನೇ ಕ್ರೋಮ್ 109, ಅದು 2023ರ ಜನವರಿಯದ್ದು. ಫೈರ್‌ಫಾಕ್ಸ್ 115 ಇಎಸ್‌ಆರ್ ಬೆಂಬಲವನ್ನು ವಿಂಡೋಸ್ 7ರವರಿಗಾಗಿ ಮೊಜಿಲ್ಲಾ ಒಂದಕ್ಕಿಂತ ಹೆಚ್ಚು ಸಲ ವಿಸ್ತರಿಸಿತು, ಆದರೆ ಅದನ್ನು ಶಾಶ್ವತ ಅಂತ ತಿಳಿಯಬೇಡಿ. ಅಲ್ಲಿ ಬದಲಾಯಿಸಬೇಕಾದದ್ದು ಬ್ರೌಸರನ್ನಲ್ಲ, ವಿಂಡೋಸನ್ನು.

ದೂರು ಹೇಗೆ ಬರೆಯಬೇಕು

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ನಮ್ಮ ಕಡೆ ಜನ ಒಬ್ಬರಿಗೊಬ್ಬರು ಹೇಳಿಕೊಂಡು ಬೈದು ಸುಮ್ಮನಾಗುತ್ತಾರೆ. ಬ್ರೌಸರ್ ಮಾಡುವವರಿಗೆ ಅದು ತಲುಪುವುದೇ ಇಲ್ಲ. ಹೇಳಿದರೆ ಕೇಳುತ್ತಾರಾ ಅಂದರೆ, ಕೇಳಿದ ಉದಾಹರಣೆಗಳಿವೆ. 2018ರಲ್ಲಿ ಕ್ರೋಮ್ 69 ಬಂದಾಗ ಜಿಮೇಲ್‌ಗೆ ಲಾಗಿನ್ ಆದವರನ್ನು ಬ್ರೌಸರಿಗೂ ತಾನೇ ಸೈನ್ ಇನ್ ಮಾಡಿಬಿಡುತ್ತಿತ್ತು. ಹತ್ತು ಜನ ಕೂರುವ ನೆಟ್ ಸೆಂಟರಿನ ಕಂಪ್ಯೂಟರಿಗೆ ಇದು ಎಷ್ಟು ಅಪಾಯ ಯೋಚಿಸಿ. ಜನ ಗಟ್ಟಿಯಾಗಿ ಆಕ್ಷೇಪಿಸಿದರು, 70ನೇ ವರ್ಷನ್‌ನಲ್ಲಿ ಅದನ್ನು ಆಫ್ ಮಾಡುವ ಸೆಟ್ಟಿಂಗ್ ಬಂತು. ನೆಟ್ ಸೆಂಟರಿನವರು ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಸೇವೆಗಳ ವಿಭಾಗದಲ್ಲಿ ಕ್ರೋಮ್ ಸೈನ್ ಇನ್ ಅನುಮತಿಯನ್ನು ಈಗಲೇ ಆಫ್ ಮಾಡಿ, ಗಿರಾಕಿಗಳಿಗೆ ಗೆಸ್ಟ್ ಕಿಟಕಿಯನ್ನೇ ತೆರೆದು ಕೊಡಿ. ಅದೇ ರೀತಿ 2021ರಲ್ಲಿ ಮೊಜಿಲ್ಲಾ ಆ ಕಾಂಪ್ಯಾಕ್ಟ್ ನೋಟವನ್ನು ಪೂರ್ತಿ ತೆಗೆಯಲು ಹೊರಟಿತ್ತು. ಬಳಸುವವರು ಬಿಡಲಿಲ್ಲ, ಹಾಗಾಗಿಯೇ ಅದು ಇವತ್ತೂ ಒಳಗೆಲ್ಲೋ ಉಳಿದಿದೆ.

"ಹೊಸ ವರ್ಷನ್ ದರಿದ್ರವಾಗಿದೆ" ಅಂತ ಬರೆದರೆ ಓದುವ ಇಂಜಿನಿಯರ್ ಏನೂ ಮಾಡಲಾಗಲ್ಲ. ಹೀಗೆ ಬರೆಯಿರಿ: "ಇಂಥ ಬ್ರೌಸರ್, ಇಂಥ ವರ್ಷನ್, ವಿಂಡೋಸ್ 10, 4 ಜಿಬಿ ರ್‍ಯಾಮ್. ಇಂಥ ಪೇಜ್ ತೆರೆದು ಪ್ರಿಂಟ್ ಒತ್ತಿದರೆ ಪ್ರಿವ್ಯೂ ಬರಲು 20 ಸೆಕೆಂಡ್ ಬೇಕು. ಹಿಂದಿನ ವರ್ಷನ್‌ನಲ್ಲಿ 3 ಸೆಕೆಂಡ್ ಸಾಕಿತ್ತು. ಗೆಸ್ಟ್ ಕಿಟಕಿಯಲ್ಲೂ ಹೀಗೇ ಆಗುತ್ತದೆ. ಬೇರೆ ಬ್ರೌಸರಿನಲ್ಲಿ ಆಗುವುದಿಲ್ಲ." ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯ್ತು. ಮೇಲೆ ಹೇಳಿದ ಪರೀಕ್ಷೆಗಳನ್ನು ಮಾಡಿಸಿದ್ದು ಇದಕ್ಕೇ. ಒಂದು ದೂರಿನಲ್ಲಿ ಒಂದೇ ವಿಷಯ ಇರಲಿ. ಇಂಗ್ಲಿಷ್ ತಪ್ಪಾದರೆ ಆಗಲಿ, ಅಂಕಿ ಮತ್ತು ಸ್ಕ್ರೀನ್‌ಶಾಟ್ ಸರಿ ಇದ್ದರೆ ಸಾಕು. ಕ್ರೋಮ್‌ನಲ್ಲಿ ಆಲ್ಟ್, ಶಿಫ್ಟ್, ಐ ಒತ್ತಿದರೆ ದೂರು ಬರೆಯುವ ಕಿಟಕಿ ಬರುತ್ತದೆ. ಫೈರ್‌ಫಾಕ್ಸ್‌ನಲ್ಲಿ ಹೆಲ್ಪ್ ಮೆನುವಿನಲ್ಲಿ ಸರಿಯಾಗಿ ಕೆಲಸ ಮಾಡದ ಸೈಟನ್ನು ವರದಿ ಮಾಡುವ ಆಯ್ಕೆ ಇದೆ, ಬ್ರೌಸರ್ ದೋಷಕ್ಕೆ ಮೊಜಿಲ್ಲಾದ ದೂರಿನ ಸೈಟ್ ಬಗ್‌ಜಿಲ್ಲಾ ಇದೆ. ಸ್ಕ್ರೀನ್‌ಶಾಟ್ ಕಳಿಸುವ ಮುಂಚೆ ಆಧಾರ್ ನಂಬರ್, ಗಿರಾಕಿಯ ಹೆಸರು, ಸರ್ವೆ ನಂಬರ್ ಎಲ್ಲ ಅಳಿಸಿ. ಬಗ್‌ಜಿಲ್ಲಾದಲ್ಲಿ ಹಾಕಿದ್ದು ಇಡೀ ಲೋಕಕ್ಕೆ ಕಾಣುತ್ತದೆ.

ಕನ್ನಡದ ವಿಷಯಕ್ಕಂತೂ ನಾವೇ ಹೇಳಬೇಕು. ಹೊಸ ವರ್ಷನ್‌ನಲ್ಲಿ ಒತ್ತಕ್ಷರ ಮುರಿದು ಕಂಡರೆ, ವಿಳಾಸದ ಪಟ್ಟಿಯಲ್ಲಿ ಕನ್ನಡ ಅಕ್ಷರದ ತಲೆ ಕತ್ತರಿಸಿದರೆ, ಕನ್ನಡ ಪಿಡಿಎಫ್ ಪ್ರಿಂಟ್‌ನಲ್ಲಿ ಡಬ್ಬಿ ಡಬ್ಬಿಯಾಗಿ ಬಂದರೆ, ಕನ್ನಡ ಓದಲು ಬರುವವರಿಗಲ್ಲದೆ ಬೇರೆ ಯಾರ ಕಣ್ಣಿಗೆ ಬೀಳಬೇಕು? ಯಾವ ಅಕ್ಷರ ಹೇಗೆ ಕಾಣಬೇಕಿತ್ತು ಅಂತ ಪಕ್ಕದಲ್ಲೇ ಸರಿಯಾದ ಚಿತ್ರ ಇಟ್ಟು ಕಳಿಸಿ. ಫೈರ್‌ಫಾಕ್ಸನ್ನು ಕನ್ನಡದಲ್ಲೇ ಬಳಸುವವರಿಗೆ ಹೊಸ ವರ್ಷನ್ ಬಂದಾಗ ಹೊಸ ಮೆನುಗಳು ಇಂಗ್ಲಿಷಿನಲ್ಲೇ ಕಾಣುತ್ತವೆ, ಅರ್ಧ ಅದು ಅರ್ಧ ಇದು. ಆ ಅನುವಾದ ಮಾಡುವವರು ನಮ್ಮ ನಿಮ್ಮಂಥ ಸ್ವಯಂಸೇವಕರೇ. ಮೊಜಿಲ್ಲಾದ ಪೊಂಟೂನ್ ಅನ್ನುವ ಸೈಟಿನಲ್ಲಿ ಖಾತೆ ತೆರೆದು ಯಾರು ಬೇಕಾದರೂ ಅನುವಾದ ಸೂಚಿಸಬಹುದು. ಸಂಜೆ ಅರ್ಧ ಗಂಟೆ ಕೂತರೆ ಒಂದು ಮೆನು ಮುಗಿಯುತ್ತದೆ.

ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಮೊಜ್‌ರಿಗ್ರೆಶನ್ ಅನ್ನುವ ಸಾಧನ ಇದೆ. ಚೆನ್ನಾಗಿದ್ದ ವರ್ಷನ್ ಯಾವುದು, ಕೆಟ್ಟದ್ದು ಯಾವುದು ಅಂತ ಹೇಳಿದರೆ ಅದು ನಡುವಿನ ಫೈರ್‌ಫಾಕ್ಸ್ ಬಿಲ್ಡ್ ಒಂದನ್ನು ಇಳಿಸಿ ತೆರೆಯುತ್ತದೆ. ನೀವು ಸರಿ ಇದೆ ಅಥವಾ ಇಲ್ಲ ಅಂದರೆ ಸಾಕು, ಅರ್ಧ ಅರ್ಧ ಮಾಡುತ್ತಾ ತೊಂದರೆ ಯಾವ ಬದಲಾವಣೆಯಿಂದ ಬಂತು ಅಂತ ಹುಡುಕಿಕೊಡುತ್ತದೆ. ಆ ಫಲಿತಾಂಶ ಜೊತೆಗಿಟ್ಟ ದೂರಿನ ಮೇಲೆ ಇಂಜಿನಿಯರುಗಳು ನೇರವಾಗಿ ಕೆಲಸ ಶುರು ಮಾಡಬಹುದು.

ದೂರು ಕೊಟ್ಟ ಮೇಲೆ ನಂಬರ್ ಬರೆದಿಟ್ಟುಕೊಳ್ಳಿ. ಡೂಪ್ಲಿಕೇಟ್ ಅಂತ ಮುಚ್ಚಿದರೆ ಬೇಜಾರು ಬೇಡ, ಬೇರೆಯವರೂ ಅದನ್ನೇ ಹೇಳಿದ್ದಾರೆ ಅಂತ ಅರ್ಥ. ಅಲ್ಲಿರುವ ಮೂಲ ದೂರನ್ನು ಹಿಂಬಾಲಿಸಿ. ಸರಿಯಾಯ್ತು ಅಂತ ಬರೆದಿದ್ದರೆ ಯಾವ ವರ್ಷನ್‌ನಲ್ಲಿ ಬರುತ್ತದೆ ಅನ್ನುವುದೂ ಅಲ್ಲೇ ಇರುತ್ತದೆ. ಅಲ್ಲಿಯತನಕ ಕಾಯಲು ಆಗದವರು ಇನ್ನೊಂದು ಕಂಪ್ಯೂಟರಿನಲ್ಲಿ ಬೀಟಾ, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ವರ್ಷನ್, ಹಾಕಿ ಮೊದಲೇ ಪರೀಕ್ಷಿಸಿ, ಸರಿ ಆಗಿಲ್ಲದಿದ್ದರೆ ಅದೇ ದೂರಿನ ಕೆಳಗೆ ಬರೆಯಿರಿ. ಬಿಲ್ ಹೊಡೆಯುವ ಕಂಪ್ಯೂಟರಿಗೆ ಮಾತ್ರ ಬೀಟಾ ಬೇಡ.